ಬಿಳಿ ಮೀನಿನ ಬೆನ್ನು ಹತ್ತಿ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ರಾಯಚೂರು ಜಿಲ್ಲೆಯ ಪೋತ್ನಾಳದ ಸುತ್ತ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ದೊಡ್ಡವರು ಭತ್ತದ ಸಸಿ ಮಡಿ ನೋಡಲು ಹೊಲಕ್ಕೆ ಹೋಗುತ್ತಾರೆ. ಹುಡುಗರು ಗಾಳ ಹುಡುಕುತ್ತಾರೆ. ಒಂದು ಉದ್ದನೆಯ ಕಡ್ಡಿ, ನೈಲಾನ್ ದಾರ, ಜೋಳದ ದಂಟಿನ ಬೆಂಡಿನ ತುಂಡು, ತೆಂಗಿನ ಚಿಪ್ಪಿನಲ್ಲಿ ಹಸಿ ಮಣ್ಣು, ಅದರೊಳಗೆ ನಾಲ್ಕಾರು ಎರೆಹುಳ. ಇಷ್ಟಾದರೆ ಸಾಕು. ಸಿಗುವುದು ಬೆರಳುದ್ದದ ಮೀನು. ಕಾಯುವುದು ಮಾತ್ರ ದೊಡ್ಡದಕ್ಕೆ. ಬೆಂಡು ಒಮ್ಮೆಗೇ ಮುಳುಗಿ, ದಾರ ಬಿಗಿದು, ಕಡ್ಡಿ ಬಿಲ್ಲಿನಂತೆ ಬಾಗುವ ಆ ಒಂದು ಗಳಿಗೆಗಾಗಿ ಶಾಲೆ ಬಿಟ್ಟ ಮೇಲಿನ ಹೊತ್ತೆಲ್ಲ ಹೋಗುತ್ತದೆ.

ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಸಲ ಯೋಚಿಸಬೇಕು. ಹೊಸಪೇಟೆಯ ಅಣೆಕಟ್ಟೆಗಿಂತ ಮೇಲೆ ಹೋದರೆ ತುಂಗೆ, ಭದ್ರೆ ಕೂಡುವ ಕೂಡಲಿ. ತುಂಗೆಯ ಗುಂಟ ಇನ್ನೂ ಮೇಲೆ ಹೋದರೆ ಶೃಂಗೇರಿ. ಶಾರದಾ ದೇವಸ್ಥಾನದ ಮೆಟ್ಟಿಲಿನ ಬಳಿ ಭಕ್ತರು ಚೆಲ್ಲುವ ಮಂಡಕ್ಕಿಗೆ ಮುಗಿಬೀಳುವ ಮೀನುಗಳನ್ನು ನೋಡಿದವರು ಬಹಳ ಜನ. ದೇವರ ಮೀನೆಂದು ಯಾರೂ ಮುಟ್ಟದ ಆ ಹಿಂಡಿನಲ್ಲಿ ಮಹಸೀರ್ ಎಂಬ ಮೀನೂ ಇದೆ. ಪೋತ್ನಾಳದ ಗದ್ದೆಗೆ ಹರಿಯುವುದು ಆ ಮೀನಿನ ಮೈ ಸವರಿ ಬಂದ ನೀರು.

ಈ ಜಾತಿಯ ಮೀನಿಗಾಗಿ ಸಮುದ್ರ ದಾಟಿ, ಸಾವಿರಾರು ಮೈಲಿ ಬಂದು, ಕರ್ನಾಟಕದ ಹೊಳೆ ಬಂಡೆಗಳ ಮೇಲೆ ತಿಂಗಳುಗಟ್ಟಲೆ ಬಿಸಿಲು ಕಾದವರಿದ್ದಾರೆ. ಕಡಲಿನ ಗಾಳಗಾರರಿಗೆ ಮಾರ್ಲಿನ್ ಹೇಗೋ, ಹೊಳೆಯ ಗಾಳಗಾರರಿಗೆ ಮಹಸೀರ್ ಹಾಗೆ. 1953ರ ಆಗಸ್ಟ್ 4ರಂದು ಅಮೆರಿಕದ ಆಲ್ಫ್ರೆಡ್ ಗ್ಲಾಸೆಲ್ ಪೆರು ದೇಶದ ಕಾಬೊ ಬ್ಲಾಂಕೊ ಕಡಲಿನಲ್ಲಿ 1,560 ಪೌಂಡಿನ ಕಪ್ಪು ಮಾರ್ಲಿನ್ ಹಿಡಿದರು. ಎಪ್ಪತ್ತು ವರ್ಷ ದಾಟಿದರೂ ಅದನ್ನು ಮೀರಿಸಿದ ದಾಖಲೆ ಬಂದಿಲ್ಲ. ಆದರೂ ಜನ ಇಂದಿಗೂ ಬಾಡಿಗೆ ದೋಣಿ ಹಿಡಿದು ಪರದೇಶದ ಕಡಲಿಗೆ ಇಳಿಯುತ್ತಲೇ ಇದ್ದಾರೆ. ಅದೇ ಹಂಬಲ ಹೊತ್ತ ಇನ್ನೊಂದು ಗುಂಪು ಕಡಲನ್ನು ಬರೀ ದಾರಿ ಮಾಡಿಕೊಂಡು ಕಾವೇರಿಗೆ ಬಂತು.

ಅವರನ್ನು ಕರೆತಂದದ್ದು ಮಂಗಳೂರಿನಲ್ಲಿ ಅಚ್ಚಾದ ಒಂದು ಪುಸ್ತಕ. ಹೆನ್ರಿ ಸಲಿವನ್ ಥಾಮಸ್ ಮದರಾಸು ಪ್ರಾಂತ್ಯದ ಸಿವಿಲ್ ಅಧಿಕಾರಿ. ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದವರು. ಕಚೇರಿಯ ಕೆಲಸ ಮುಗಿದರೆ ಹೊಳೆ, ಹೊಳೆಯಲ್ಲಿ ಮೀನು. 1873ರಲ್ಲಿ ಅವರ ‘ದಿ ರಾಡ್ ಇನ್ ಇಂಡಿಯಾ’ ಹೊರಬಂತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಬ್ರಿಟನ್ನಿನ ಸಾಲ್ಮನ್‌ಗಿಂತ ಮಹಸೀರ್‌ಗೇ ಸೆಣಸು ಹೆಚ್ಚು ಎಂಬುದು ಥಾಮಸರ ಖಚಿತ ಅಭಿಪ್ರಾಯ. ಸಾಲ್ಮನ್ ಹಿಡಿಯುವುದನ್ನು ದೊಡ್ಡಸ್ತಿಕೆಯ ಕ್ರೀಡೆ ಎಂದುಕೊಂಡಿದ್ದ ಓದುಗರಿಗೆ ಈ ಮಾತು ಎಷ್ಟು ನಾಟಿರಬಹುದು! ಥಾಮಸರನ್ನು ಬೇಟೆಗಾರರೆಂದಷ್ಟೇ ನೆನೆಯುವುದು ಸರಿಯಲ್ಲ. ಹೊಳೆಗೆ ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೆಲ್ಲ ಬಾಚುವುದು ನಿಲ್ಲಬೇಕೆಂದು ಆ ಕಾಲದಲ್ಲೇ ಸರ್ಕಾರಕ್ಕೆ ಬರೆದವರು ಅವರು.

ಆಮೇಲಿನ ದೊಡ್ಡ ಹೆಸರು ಮೈಸೂರಿನದು. ಸತ್ತ ಹುಲಿ, ಚಿರತೆಗಳಿಗೆ ಜೀವಕಳೆ ತುಂಬಿ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನವನ್ನು ಹಳೆ ಮೈಸೂರಿನವರು ಬಲ್ಲರು. ಆ ಮನೆಯ ಡಿ ವೆಟ್ ವ್ಯಾನ್ ಇಂಗೆನ್ 1946ರ ಮಾರ್ಚ್ 22ರಂದು ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದರು. ಕಿಲೋ ಲೆಕ್ಕದಲ್ಲಿ ಐವತ್ತನಾಲ್ಕು. ಇಪ್ಪತ್ತೈದು ಕಿಲೋದ ಎರಡು ಅಕ್ಕಿ ಚೀಲ ಒಟ್ಟಿಗೆ ಕಟ್ಟಿ, ಅದಕ್ಕೆ ಬಾಲ ಹಚ್ಚಿ, ಸೆಳವಿನಲ್ಲಿ ಬಿಟ್ಟು, ತೆಳು ದಾರದಿಂದ ದಡಕ್ಕೆ ಎಳೆಯುವುದನ್ನು ಊಹಿಸಿಕೊಂಡರೆ ಆ ದಿನದ ಕಷ್ಟ ಅರ್ಥವಾದೀತು. ಮಹಸೀರ್‌ನ ಗಾಳದ ದಾಖಲೆಗಳ ಮಾತು ಬಂದಾಗಲೆಲ್ಲ ಇವತ್ತಿಗೂ ಮೊದಲು ಬರುವುದು ಕಬಿನಿಯ ಆ ಮೀನೇ.

ಸ್ವಾತಂತ್ರ್ಯ ಬಂತು, ಬ್ರಿಟಿಷರು ಹೋದರು, ಗಾಳದ ಮಾತು ನಿಂತಿತು. ಅಣೆಕಟ್ಟೆಗಳು ಎದ್ದವು, ತೋಟೆ ಸಿಡಿಸಿ ಮೀನು ಹಿಡಿಯುವುದು ಹೆಚ್ಚಿತು. ದೊಡ್ಡ ಮಹಸೀರ್ ಮುಗಿದೇ ಹೋಯಿತೆಂಬ ನಂಬಿಕೆ ಹೊರದೇಶದಲ್ಲಿ ಬೇರೂರಿತು. ಆಗ ಹೊರಟವರು ಮೂವರು ಇಂಗ್ಲಿಷ್ ಯುವಕರು: ಮಾರ್ಟಿನ್ ಕ್ಲಾರ್ಕ್, ಆಂಡ್ರ್ಯೂ ಕ್ಲಾರ್ಕ್, ರಾಬರ್ಟ್ ಹೋವಿಟ್. ತಮ್ಮನ್ನು ‘ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್’ ಎಂದು ಕರೆದುಕೊಂಡು 1977-78ರಲ್ಲಿ ಭಾರತದ ಹೊಳೆಗಳನ್ನು ಅಲೆಯುತ್ತಾ ಕಾವೇರಿಗೆ ಬಂದರು. ಅಲ್ಲಿ ಅವರ ಗಾಳಕ್ಕೆ 92 ಪೌಂಡ್‌ವರೆಗಿನ ಮೀನು ಬಿದ್ದವು. ಸುದ್ದಿ ಬ್ರಿಟನ್ನಿನ ಗಾಳದ ಪತ್ರಿಕೆಗಳಲ್ಲಿ ಹರಡಿತು. ಮುಗಿದುಹೋಗಿದೆ ಎಂದುಕೊಂಡಿದ್ದ ಮೀನು ಇನ್ನೂ ಇದೆ!

ಜೆರೆಮಿ ವೇಡ್ ಎಂಬ ಯುವಕ ಮೊದಲ ಸಲ ಭಾರತಕ್ಕೆ ಬಂದದ್ದು 1982ರಲ್ಲಿ. ಮಹಸೀರ್ ಬಗ್ಗೆ ಓದಿದ ಒಂದು ಲೇಖನದ ಬೆನ್ನು ಹತ್ತಿ. ಮುಂದೆ ‘ರಿವರ್ ಮಾನ್‌ಸ್ಟರ್ಸ್’ ಟಿ.ವಿ. ಸರಣಿಯಿಂದ ಜಗತ್ತಿಗೇ ಪರಿಚಿತರಾದ ಅವರು ಅಮೆಜಾನ್, ಕಾಂಗೊ ಎಂದು ಸುತ್ತಿದ್ದನ್ನು ರಾಯಚೂರಿನ ಮನೆಗಳಲ್ಲೂ ಮಕ್ಕಳು ನೋಡಿದ್ದಾರೆ. ಹೊರದೇಶದ ಹೊಳೆಗಳಿಗೆ ಹೋಗುವ ಅವರ ಆ ನಂಟು ಶುರುವಾದದ್ದು ನಮ್ಮ ನಾಡಿನ ಈ ಮೀನಿನಿಂದ.

ಗಾಳಗಾರರು ಹುಡುಕಿ ಬಂದ ಕಾವೇರಿಯ ಆ ಕಣಿವೆಗೆ ಪೋತ್ನಾಳದಿಂದ ಹೋಗುವುದು ಕಷ್ಟವೇನಲ್ಲ. ಸಿಂಧನೂರಿಗೆ ಬಂದು ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಅಲ್ಲಿಂದ ಕನಕಪುರ ದಾಟಿ, ಅರ್ಕಾವತಿ ಕಾವೇರಿಗೆ ಸೇರುವ ಸಂಗಮ. ಎರಡು ಹೊಳೆಗಳ ನಡುವಿನ ದೋಆಬಿನವರಿಗೆ ಸಂಗಮ ಎಂಬ ಮಾತು ಹೊಸದಲ್ಲ; ಆದರೆ ಕಪ್ಪು ಎರೆಮಣ್ಣಿನ ಬಯಲು ನೋಡಿ ಬೆಳೆದ ಕಣ್ಣಿಗೆ ಈ ಕಣಿವೆ ಬೇರೆಯದೇ ಲೋಕ. ಎರಡೂ ಬದಿ ಗುಡ್ಡ, ದಡದ ಗುಂಟ ಹೆಮ್ಮರವಾದ ಹೊಳೆಮತ್ತಿ, ನೀರಿನ ನಡುವೆ ಆನೆ ಮಲಗಿದಂಥ ಬಂಡೆ. ಬಂಡೆಗಳ ಸಂದಿಯಲ್ಲಿ ನೊರೆಗಟ್ಟಿ ಧುಮುಕುವ ನೀರು ಕೆಳಗೆ ಆಳವಾದ ಮಡುವಿನಲ್ಲಿ ತಣ್ಣಗಾಗುತ್ತದೆ. ಮಹಸೀರ್ ಇರುವುದು ಇಂಥ ಕಡೆ. ರಭಸದ ನೀರಿನ ಅಂಚಿನಲ್ಲಿ, ಉಸಿರಿಗೆ ಬೇಕಾದಷ್ಟು ಗಾಳಿ ಕಲೆಸಿದ ಕಡೆ.

ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ. ಜಂಗಲ್ ಲಾಡ್ಜಸ್ ಸಂಸ್ಥೆಯ ಮೀನುಗಾರಿಕೆ ಶಿಬಿರಗಳಿದ್ದ ಈ ಮೂರು ಹೆಸರು ಇಂಗ್ಲೆಂಡಿನ ಗಾಳಗಾರರ ಬಾಯಲ್ಲಿ ತಪ್ಪುತಪ್ಪಾಗಿಯಾದರೂ ನಲಿದಾಡಿದವು. ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು, ಜೀವಂತವಾಗಿ ನೀರಿಗೇ ಬಿಡಬೇಕೆಂಬುದು ಅಲ್ಲಿನ ಕಟ್ಟುಪಾಡಾಗಿತ್ತು.

ಆ ಶಿಬಿರಗಳ ಜೀವಾಳ ಸ್ಥಳೀಯ ಗಾಳದಾಳುಗಳು. ಅವರಲ್ಲಿ ಹಲವರು ಮೊದಲು ಕದ್ದು ಮೀನು ಹಿಡಿಯುತ್ತಿದ್ದವರು, ತೋಟೆ ಹಾಕಿದವರೂ ಇದ್ದರು. ಯಾವ ಬಂಡೆಯ ಕೆಳಗೆ ಎಷ್ಟು ಆಳ, ಯಾವ ತಿಂಗಳಲ್ಲಿ ಮೀನು ಯಾವ ಮಡುವಿಗೆ ಇಳಿಯುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ಸಂಬಳ ಬಂತು, ಕೈ ಬದಲಾಯಿತು; ಹೊಳೆಯನ್ನು ಬರಿದು ಮಾಡುತ್ತಿದ್ದವರೇ ಹೊಳೆ ಕಾಯಲು ನಿಂತರು. ಈ ಕಥೆಯಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿರವಾಗುವ ಭಾಗ ಇದೇ.

ಅವರು ಕಟ್ಟುತ್ತಿದ್ದ ಎರೆ ನಮ್ಮ ನಾಡಿನ ಊಟವೇ: ರಾಗಿ ಮುದ್ದೆ. ಹಿಟ್ಟನ್ನು ನೀರಲ್ಲಿ ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಇಳಿಸಿ, ಬಿಸಿ ಆರುವ ಮೊದಲೇ ಮತ್ತೆ ನಾದುತ್ತಾರೆ. ಕೆಲವರು ಸೋಂಪು, ಮಸಾಲೆ ಸೇರಿಸುವುದೂ ಉಂಟು. ಊಟದ ಮುದ್ದೆ ಬೆರಳಿಗೆ ಮೆತ್ತಗಿರಬೇಕು, ಗಾಳದ ಮುದ್ದೆ ರಬ್ಬರಿನಂತೆ ಇರಬೇಕು. ಇಲ್ಲದಿದ್ದರೆ ಸೆಳವಿನಲ್ಲಿ ಕರಗಿಹೋಗುತ್ತದೆ, ಸಣ್ಣ ಮೀನುಗಳು ಚುಚ್ಚಿ ಚುಚ್ಚಿ ತಿಂದುಬಿಡುತ್ತವೆ. ನಿಂಬೆಯಿಂದ ಹಿಡಿದು ಕಿತ್ತಳೆ ಗಾತ್ರದವರೆಗೆ ಉಂಡೆ ಮಾಡಿ ದಪ್ಪ ಗಾಳವನ್ನು ಅದರೊಳಗೆ ಹುದುಗಿಸುತ್ತಾರೆ. ಲಂಡನ್ನಿನಿಂದ ತಂದ ದುಬಾರಿ ರಾಡಿನ ತುದಿಯಲ್ಲಿ ಕನಕಪುರ ಸೀಮೆಯ ರಾಗಿ. ಜೋಳದ ರೊಟ್ಟಿಯ ಚೂರು ಕಟ್ಟಿ ಕಾಲುವೆಗೆ ಎಸೆಯುವ ಪೋತ್ನಾಳದ ಹುಡುಗನಿಗೆ ಈ ವಿದ್ಯೆಯನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ಮೀನು ಕಚ್ಚಿತೆಂದರೆ ಮೊದಲ ಓಟವನ್ನು ತಡೆಯುವವರಿಲ್ಲ. ರೀಲಿನಿಂದ ದಾರ ಕಿರುಗುಟ್ಟುತ್ತಾ ಐವತ್ತು, ನೂರು ಮೀಟರ್ ಹೋಗುತ್ತದೆ. ಮಹಸೀರ್‌ನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಏಡಿಯ ಚಿಪ್ಪನ್ನೇ ಪುಡಿ ಮಾಡುವ ಆ ಗಂಟಲು ಉಕ್ಕಿನ ಗಾಳವನ್ನೂ ನಜ್ಜುಗುಜ್ಜು ಮಾಡಬಲ್ಲದು. ಮೀನು ಧುಮುಕುವ ನೀರಿಗೆ ನುಗ್ಗಿ, ಬಂಡೆ ಸುತ್ತಿ ದಾರ ಸಿಕ್ಕಿಹಾಕಿಕೊಂಡರೆ ದಡದಲ್ಲಿ ನಿಂತವನಿಗೆ ಮಾಡಲು ಏನೂ ಇಲ್ಲ. ಆಗ ಹರಿಗೋಲು ಇಳಿಯುತ್ತದೆ.

ಹರಿಗೋಲು ರಾಯಚೂರು ಜಿಲ್ಲೆಯವರಿಗೆ ಮನೆಯ ವಸ್ತುವಿದ್ದಂತೆ. ಕೃಷ್ಣೆಯ ನಡುಗಡ್ಡೆ ಕುರುವಪುರದ ದತ್ತಕ್ಷೇತ್ರಕ್ಕೆ ಭಕ್ತರು ದಾಟಿ ಹೋಗುವುದು ಅದರಲ್ಲೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗಲ್‌ನ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುವುದನ್ನೂ, ಅದು ಸುತ್ತುತ್ತಾ ಸುತ್ತುತ್ತಾ ಸಾಗುವುದನ್ನೂ ಬರೆದಿಟ್ಟಿದ್ದಾರೆ. ಆಗ ಹೊರಮೈಗೆ ಚರ್ಮ. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಬಿದಿರಿನ ಹೆಣಿಗೆ ಅದೇ. ಕಾವೇರಿಯಲ್ಲಿ ಗಾಳದಾಳು ಒಂದೇ ಹುಟ್ಟಿನಿಂದ ಆ ಬುಟ್ಟಿಯನ್ನು ಸೆಳವಿನಲ್ಲಿ ನಿಲ್ಲಿಸಿ, ಬಂಡೆಯ ಆಚೆ ಬದಿಗೆ ಹೋಗಿ, ಕೈಯಿಂದ ದಾರ ಬಿಡಿಸುತ್ತಾನೆ. ಮೀನು ದಣಿದು ಮೇಲೆ ಬಂದಾಗ ನೀರಿಗೆ ಇಳಿದು ತಬ್ಬಿ ಹಿಡಿಯುವವನೂ ಅವನೇ.

ಆಗ ಕಾಣುತ್ತದೆ ಅದರ ರೂಪ. ಅಂಗೈಯಷ್ಟು ದೊಡ್ಡ ಹುರುಪೆ, ದಪ್ಪ ತುಟಿ, ತುಟಿಯ ಬದಿಯಲ್ಲಿ ಎರಡು ಜೊತೆ ಮೀಸೆ. ತಲೆಯ ಹಿಂದಿನಿಂದ ಬೆನ್ನು ಗೂನಾಗಿ ಏರಿ ಇಳಿಯುತ್ತದೆ. ರೆಕ್ಕೆಗಳಿಗೆ ಕೇಸರಿ ಬಣ್ಣ. ಕನ್ನಡದಲ್ಲಿ ಇದಕ್ಕೆ ಬಿಳಿ ಮೀನು ಎನ್ನುತ್ತಾರೆ. ತೂಕ ಬರೆದುಕೊಂಡ ಮೇಲೆ ಅದರ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರಿನಲ್ಲಿ ನೀರಾಡಿ ಬಾಲಕ್ಕೆ ಬಲ ಬರುವವರೆಗೆ ಕಾಯುತ್ತಾರೆ. ನಿಧಾನಕ್ಕೆ ಕೈಯೊಳಗಿನಿಂದ ಜಾರಿ, ಹಸಿರು ನೀರಿನಲ್ಲಿ ಒಂದು ನೆರಳಾಗಿ, ಮರೆಯಾಗುತ್ತದೆ.

ಇಷ್ಟೆಲ್ಲ ನಡೆಯುತ್ತಿದ್ದ ಕಾಲದಲ್ಲಿ ಆ ಮೀನಿಗೆ ವಿಜ್ಞಾನದಲ್ಲಿ ಒಂದು ಸರಿಯಾದ ಹೆಸರಿರಲಿಲ್ಲ. ಲಕ್ಷಾಂತರ ರೂಪಾಯಿ ಸುರಿದು ಬಂದವರು ಹಿಡಿದು, ತೂಗಿ, ಚಿತ್ರ ತೆಗೆಸಿಕೊಂಡ ಮೀನು ಯಾವ ಪ್ರಭೇದವೆಂದು ಖಚಿತವಾಗಿ ಹೇಳಬಲ್ಲವರು ಇರಲಿಲ್ಲ. ಬಹುಕಾಲ ಅದಕ್ಕೆ ಅಂಟಿಸಿದ್ದ ಹೆಸರು ‘ಮುಸುಲ್ಲಾ’. ಅದು ಕರ್ನಲ್ ಸೈಕ್ಸ್ 1839ರಲ್ಲಿ ಮಹಾರಾಷ್ಟ್ರದ ಘೋಡ್ ನದಿಯ ಬೇರೊಂದು ಮೀನಿಗೆ ಇಟ್ಟ ಹೆಸರು. ಘೋಡ್ ಸೇರುವುದು ಭೀಮೆಗೆ. ಭೀಮೆ ಕೃಷ್ಣೆಗೆ ಸೇರುವುದು ರಾಯಚೂರಿನ ಹತ್ತಿರ. ಕಾವೇರಿಯ ಮೀನು ನಮ್ಮ ಕೃಷ್ಣೆಯ ಸೀಮೆಯ ಹೆಸರು ಹೊತ್ತು ಓಡಾಡಿತು.

ಕೃಷ್ಣೆಯ ನಂಟು ಅಷ್ಟಕ್ಕೇ ಮುಗಿಯಲಿಲ್ಲ. ಅದೇ 1839ರಲ್ಲಿ ಸೈಕ್ಸ್ ಪುಣೆಯ ಮುಳಾ-ಮುಠಾ ನದಿಯ ಇನ್ನೊಂದು ಮಹಸೀರನ್ನು ವಿವರಿಸಿದ್ದರು. ‘ಟಾರ್ ಖುದ್ರೀ’ ಎಂಬ ಈ ಮೀನಿನ ರೆಕ್ಕೆ ನೀಲಿ. ಮುಳಾ-ಮುಠಾ ಕೂಡ ಭೀಮೆಗೇ ಸೇರುವ ನೀರು. 1970ರ ದಶಕದಲ್ಲಿ ಲೋಣಾವಳದ ಟಾಟಾ ಮೀನು ಮರಿ ಕೇಂದ್ರದಲ್ಲಿ ಈ ನೀಲಿ ರೆಕ್ಕೆಯದನ್ನು ಕೃತಕವಾಗಿ ಮರಿ ಮಾಡಿಸುವ ವಿಧಾನ ಕೈಗೂಡಿತು. ಮಹಸೀರ್ ಅಳಿಯುತ್ತಿದೆ, ಮರಿ ಬಿಟ್ಟರೆ ಉಳಿದೀತು ಎಂಬ ಒಳ್ಳೆಯ ಆಸೆಯಿಂದ ದೇಶದ ಹಲವು ಹೊಳೆಗಳಿಗೆ, ಕಾವೇರಿಗೂ, ಅವನ್ನು ತಂದು ಬಿಟ್ಟರು. ಬಿಟ್ಟವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಎಲ್ಲ ಮಹಸೀರೂ ಒಂದೇ ಎಂದುಕೊಂಡಿದ್ದರು.

ತಪ್ಪು ಗೊತ್ತಾದದ್ದು ಗಾಳಗಾರರ ಲೆಕ್ಕದ ಪುಸ್ತಕಗಳಿಂದ. ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್ ಸ್ವತಃ ಗಾಳಗಾರರು. ಅವರು, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು 1998ರಿಂದ 2012ರವರೆಗಿನ ಗಾಳಿಬೋರೆಯ ದಾಖಲೆಗಳನ್ನು ಕೂಡಿಸಿದರು. ಒಟ್ಟು 23,620 ಗಂಟೆಗಳ ಗಾಳ. ಹಿಡಿದು ಬಿಟ್ಟ ಮಹಸೀರ್ 6,161. ಅತಿ ದೊಡ್ಡದು 104 ಪೌಂಡ್. ಹೊತ್ತು ಕಳೆಯಲು ಬಂದವರು ಬರೆದಿಟ್ಟ ಚೀಟಿಗಳು ಒಂದು ಹೊಳೆಯ ಹದಿನಾಲ್ಕು ವರ್ಷದ ಆರೋಗ್ಯ ಪತ್ರವಾಗಿಬಿಟ್ಟವು. ಮೇಲ್ನೋಟಕ್ಕೆ ಸುದ್ದಿ ಒಳ್ಳೆಯದೇ: ಮಹಸೀರ್ ಸಂಖ್ಯೆ ಏರುತ್ತಾ ಹೋಗಿತ್ತು. ಒಳಹೊಕ್ಕು ನೋಡಿದರೆ ಏರಿದ್ದು ನೀಲಿ ರೆಕ್ಕೆಯದು. ಗೂನು ಬೆನ್ನಿನ ಬಿಳಿ ಮೀನು ವರ್ಷದಿಂದ ವರ್ಷಕ್ಕೆ ಕಡಿಮೆ ಸಿಕ್ಕಿತ್ತು, ಸಿಕ್ಕಿದ್ದು ಇನ್ನೂ ಇನ್ನೂ ದೊಡ್ಡದಾಗಿತ್ತು. ಮುದಿ ಮೀನು ಮಾತ್ರ ಉಳಿದಿತ್ತು, ಮರಿಗಳು ಬರುತ್ತಿರಲಿಲ್ಲ. ಮನೆಯಲ್ಲಿ ವಯಸ್ಸಾದವರಷ್ಟೇ ಉಳಿದ ಊರುಗಳನ್ನು ಕಂಡವರಿಗೆ ಆ ಅಂಕಿಯ ಅರ್ಥ ಬೇಗ ಹೊಳೆಯುತ್ತದೆ.

ಆಮೇಲೆ ಹೆಸರಿನ ಹುಡುಕಾಟ. ಹೆಸರಿಡಲು ಮಾದರಿ ಮೀನು ಬೇಕು, ಕಾವೇರಿಯಲ್ಲಿ ಅದು ಸಿಗುವುದೇ ದುರ್ಲಭವಾಗಿತ್ತು. ಕೊನೆಗೆ ನೀಲಗಿರಿಯ ಬುಡದಲ್ಲಿ ಹರಿದು ಭವಾನಿಗೆ ಸೇರುವ ಮೋಯಾರ್ ನದಿಯಲ್ಲಿ ಅದು ಕಾಣಿಸಿತು. ವಂಶವಾಹಿ, ಮೈಯ ಅಳತೆ ಎರಡನ್ನೂ ಹೋಲಿಸಿದಾಗ ಅಚ್ಚರಿ ಕಾದಿತ್ತು. ಕೇರಳದ ಚಿನ್ನಾರ್ ಕಾಡಿನ ಪಾಂಬಾರ್ ಹೊಳೆಯ ಎಳೆ ಮೀನುಗಳನ್ನು ನೋಡಿ ಅಲ್ಲಿನ ವಿಜ್ಞಾನಿಗಳು ಮೊದಲೇ ‘ಟಾರ್ ರೆಮಾದೇವಿ’ ಎಂದು ಹೆಸರಿಟ್ಟಿದ್ದರು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮತ್ಸ್ಯವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ. ಪಾಂಬಾರ್ ನೀರು ಅಮರಾವತಿಗೆ, ಅಮರಾವತಿ ಕಾವೇರಿಗೆ. ಆ ಪುಟ್ಟ ಮೀನೂ ಕಾವೇರಿಯ ದೈತ್ಯನೂ ಒಂದೇ. 2018ರ ಜೂನ್‌ನಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಥಾಮಸರ ಪುಸ್ತಕ ಬಂದು ಆಗಲೇ ನೂರನಲವತ್ತೈದು ವರ್ಷ. ಅದೇ ವರ್ಷದ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಬಿಳಿ ಮೀನು ‘ತೀವ್ರ ಅಪಾಯದಲ್ಲಿರುವ’ ಪ್ರಭೇದವೆಂದು ಸೇರಿತು. ಹೆಸರು ಸಿಕ್ಕಿದ ವರ್ಷವೇ ಅಳಿವಿನ ಪಟ್ಟಿ.

ಗಾಳಿಬೋರೆಯ ಲೆಕ್ಕ 2012ಕ್ಕೆ ನಿಂತದ್ದಕ್ಕೆ ಕಾರಣ ಕಾನೂನು. ಈ ಕಣಿವೆ 1987ರಲ್ಲೇ ಕಾವೇರಿ ವನ್ಯಜೀವಿ ಧಾಮವಾಗಿತ್ತು. ಹಿಡಿದು ಬಿಟ್ಟರೂ ಗಾಳ ಹಾಕುವುದು ಬೇಟೆಯೇ ಎಂಬ ಅರ್ಥದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಅನ್ವಯಿಸಿದ ಮೇಲೆ ಗಾಳದ ಶಿಬಿರಗಳು ಮುಚ್ಚಿದವು. ಕಾಡಿನೊಳಗೆ ಮೋಜಿಗೆ ಜಾಗ ಇರಬಾರದೆಂಬ ಮಾತಿನಲ್ಲಿ ನ್ಯಾಯವಿದೆ. ಆದರೆ ರಾಡು, ರೀಲುಗಳ ಜೊತೆಗೆ ಹೊಳೆಯ ದಡದಲ್ಲಿ ಹಗಲಿಡೀ ಇರುತ್ತಿದ್ದ ಕಣ್ಣುಗಳೂ ಹೋದವು. ತೋಟೆಯ ಸದ್ದು ಕೇಳಿದೊಡನೆ ಹರಿಗೋಲು ಹತ್ತಿ ಓಡುತ್ತಿದ್ದವರಿಗೆ ಕೆಲಸ ತಪ್ಪಿತು. ಗಾಳ ಬೇಡವೆಂದರೆ ಬೇಡ. ಆ ಜನರ ತಿಳಿವಳಿಕೆಯನ್ನು ಮೀನಿನ ಎಣಿಕೆಗೆ, ಮರಿಗಳ ಹುಡುಕಾಟಕ್ಕೆ, ಕಾವಲಿಗೆ ಸರ್ಕಾರ ಸಂಬಳ ಕೊಟ್ಟು ಬಳಸಿಕೊಳ್ಳಬೇಕಿತ್ತು. ಈಗಲೂ ಬಳಸಿಕೊಳ್ಳಬಹುದು. ಯಾವ ಮಡುವಿನಲ್ಲಿ ಕೊನೆಯ ಕೇಸರಿ ರೆಕ್ಕೆ ಕಂಡಿತ್ತೆಂದು ಹೇಳಬಲ್ಲವರಿಗೆ ವಯಸ್ಸಾಗುತ್ತಿದೆ.

ಸಂಗಮದಲ್ಲಿ ಇಂದು ಹರಿಗೋಲು ಏರುವವರು ಬೆಂಗಳೂರಿನಿಂದ ಭಾನುವಾರ ಕಳೆಯಲು ಬಂದ ಕುಟುಂಬಗಳು. ಹುಟ್ಟು ಹಾಕುವವನು ನಡುನೀರಿನಲ್ಲಿ ಬುಟ್ಟಿಯನ್ನು ಗಿರಗಿರ ತಿರುಗಿಸುತ್ತಾನೆ, ಮಕ್ಕಳು ಕಿರುಚುತ್ತಾರೆ, ಎಲ್ಲರ ಫೋನೂ ಮೇಲೆತ್ತಿರುತ್ತದೆ. ನಾಲ್ಕಾರು ಮಾರು ಕೆಳಗೆ ನೀರು ಬಂಡೆಗಳ ಸಂದಿಗೆ ನುಗ್ಗಿ ಮೇಕೆದಾಟಿನ ಕಡೆ ಓಡುತ್ತದೆ. ಪೋತ್ನಾಳದಿಂದ ಬಂದವರು ಇದ್ದರೆ ಅವರ ಕಣ್ಣು ತಾನಾಗಿ ಆ ನೊರೆಯ ಅಂಚಿಗೆ ಹೋಗುತ್ತದೆ. ಬೆಂಡು ಮುಳುಗುವುದನ್ನು ಕಾಯುತ್ತಾ ಕಾಲುವೆ ದಡದಲ್ಲಿ ಕೂತು ಕಲಿತ ಕಣ್ಣು ಅದು. ಅಲ್ಲಿ ಏನೋ ಒಮ್ಮೆ ತಿರುವಿ ಹಾಕಿದಂತೆ ನೀರು ಉಬ್ಬುತ್ತದೆ. ನೀಲಿ ರೆಕ್ಕೆಯೋ ಕೇಸರಿ ರೆಕ್ಕೆಯೋ, ದಡದಿಂದ ಕಾಣುವುದಿಲ್ಲ.